ಅಮ್ಮನ ಒಲೆಯ ಜಿಡ್ಡು

ನನ್ನಣ್ಣ ಜನ್ಮದಲ್ಲಿ ಒಂದು ಪಾತ್ರೆ ತೊಳೆದವನಲ್ಲ. ಅಂಥವನು ಹೋದ ವಾರ ಅಮ್ಮನ ಅಡುಗೆಮನೆಗೆ ಬಂದು, ಒಲೆಯ ಹಿಂದಿನ ಟೈಲ್ಸ್ ಮೇಲೆ ಬೆರಳೆಳೆದು, ಆ ಬೆರಳನ್ನು ನನ್ನ ಮೂಗಿನ ಕೆಳಗೆ ಹಿಡಿದ.

"ನೋಡು, ಹೇಗೆ ಅಂಟುತ್ತೆ! ಅಮ್ಮನಿಗೆ ಕಣ್ಣು ಕಾಣಿಸಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಯಾವತ್ತೋ ಒಂದಿನ ಬೆಂಕಿ ಹತ್ಕೊಳ್ಳುತ್ತೆ. ಭಾನುವಾರ ಬಂದು ಒಲೆ, ಸಿಲಿಂಡರ್ ಎರಡೂ ತಗೊಂಡು ಹೋಗ್ತೀನಿ. ಊಟ ನಮ್ಮನೆಯಿಂದ ಕ್ಯಾರಿಯರ್‌ನಲ್ಲಿ ಬರುತ್ತೆ."

"ಡಬ್ಬಿ ಊಟ ತಿನ್ನೋಕೆ ನಾನೇನು ಜೈಲಲ್ಲಿದ್ದೀನಾ?" ಎಂದಳು ಅಮ್ಮ. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಅಮ್ಮನ ದೃಷ್ಟಿ ಮಂಜಾಗಿ ಬಹಳ ದಿನವಾಯಿತು. ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣದು. ಆದರೂ ಒಬ್ಬಳೇ ಇದ್ದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತಾಳೆ. ಆ ಒಲೆಯೂ ಹೋದರೆ ಅವಳು ಕುರ್ಚಿಯಲ್ಲಿ ಕೂತು, ಯಾರು ಯಾವಾಗ ಊಟ ತರುತ್ತಾರೋ ಎಂದು ಕಾಯುವ ಮುದುಕಿಯಾಗುತ್ತಾಳೆ. ಅದನ್ನು ನೆನೆದೇ ನನಗೆ ಮೈಯೆಲ್ಲ ಉರಿಯಿತು. ಸಾಕ್ಷಿಯಂತೆ ಸಾಕ್ಷಿ! ಅವನು ಬರುವಷ್ಟರಲ್ಲಿ ಆ ಸಾಕ್ಷಿಯನ್ನೇ ತೊಳೆದು ಮೋರಿಗೆ ಬಿಡುತ್ತೇನೆ ಎಂದುಕೊಂಡೆ.

ಭಾನುವಾರ ಅಮ್ಮನ ಮನೆಗೆ ಹೋಗಿ, ಊಟವಾಗಿ ಅವಳು ಮಲಗಿದ ಮೇಲೆ ಕೆಲಸಕ್ಕಿಳಿದೆ. ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಟೈಲ್ಸ್‌ಗೆ ಮೆತ್ತಿ, ಸ್ವಲ್ಪ ಹೊತ್ತು ಬಿಟ್ಟು ಬಿಸಿನೀರಿನ ಬಟ್ಟೆಯಿಂದ ಉಜ್ಜಿದೆ. ಡಬ್ಬಿಗಳ ಮುಚ್ಚಳದ ಹಳೆಯ ಅಂಟು ಸೋಪಿಗೆ ಜಗ್ಗಲಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕಲ್ಲ, ಎರಡು ಹನಿ ಅಡುಗೆ ಎಣ್ಣೆ ಹಚ್ಚಿ ತಿಕ್ಕಿದೆ, ಕರಗಿ ಬಂತು. ಕಿಟಕಿ ಗಾಜಿಗೆ ವಿನೆಗರ್ ಮತ್ತು ಹಳೆ ಪೇಪರ್. ಒಂದೊಂದು ಸಲ ಉಜ್ಜಿದಾಗಲೂ ಅಣ್ಣನಿಗೊಂದು ಬೈಗುಳ. ಅವನ ಪಾಲಿನದು ಮುಗಿದಾಗ ಅತ್ತಿಗೆಗೂ ನಾಲ್ಕು ಬೈದೆ. ಪಾಪ, ಅವಳದೇನೂ ತಪ್ಪಿರಲಿಲ್ಲ.

ಕೊನೆಗೆ ಒಲೆ. ನಾಬ್‌ಗಳನ್ನು ಕಿತ್ತು ಸೋಪಿನ ಬಿಸಿನೀರಿನಲ್ಲಿ ನೆನೆಹಾಕಿದೆ. ಎರಡರ ಮೇಲೂ ಕಪ್ಪಗೆ, ಕಲ್ಲಿನಂತೆ ಗಟ್ಟಿಯಾದ ಒಂದೊಂದು ಗಂಟು. ಥೂ, ಯಾವ ಕಾಲದ ಜಿಡ್ಡೋ! ಚಮಚದ ತುದಿಯಿಂದ ಕೆರೆದು, ಹಳೆ ಟೂತ್‌ಬ್ರಷ್‌ನಿಂದ ತಿಕ್ಕಿ, ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಾಡಿ ಮತ್ತೆ ಒಲೆಗೆ ಸಿಕ್ಕಿಸಿದೆ.

ಸಂಜೆ ಅಣ್ಣ ಬಂದ. ಟೈಲ್ಸ್ ಮೇಲೆ ಬೆರಳೆಳೆದ, ನೋಡಿದ, ಮತ್ತೊಮ್ಮೆ ಎಳೆದ. ನಾನು ಉಬ್ಬಿಹೋದೆ.

"ಈಗೇನಂತೀಯಾ? ಅಮ್ಮಾ, ಅಣ್ಣನಿಗೆ ಒಂದು ಟೀ ಮಾಡ್ಕೊಡ್ತೀಯಾ?"

ಆಗತಾನೇ ಎದ್ದಿದ್ದ ಅಮ್ಮ ಲೈಟರ್ ಹಿಡಿದು ನಾಬ್ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ಹೆಬ್ಬೆರಳು ನಾಬಿನ ಸುತ್ತ ಏನನ್ನೋ ಹುಡುಕಿತು. ತಿರುಗಿಸಿ ಹಚ್ಚಿದಳು. ಉರಿ ಭುಗ್ಗನೆ ಎದ್ದಿತು, ಅವಳು ಹಿಂದೆ ಸರಿದಳು. ಸಣ್ಣದು ಮಾಡಲು ಹೋದಳು, ಆರಿಹೋಯಿತು. ಮತ್ತೆ ತಿರುಗಿಸಿದಳು. ಗ್ಯಾಸ್ ವಾಸನೆ ಬಂತು. ಅಣ್ಣ ನುಗ್ಗಿ ನಾಬ್ ಮುಚ್ಚಿದ.

"ನೋಡಿದ್ಯಾ? ಗೋಡೆ ತೊಳೆದ್ರೆ ಕಣ್ಣು ಬರುತ್ತಾ?"

"ಇಲ್ಲಿದ್ದ ಹಿಟ್ಟಿನ ಗಂಟು ಎಲ್ಲಿ?" ಎಂದಳು ಅಮ್ಮ. "ಹಿಟ್ಟಿಗೆ ಎಣ್ಣೆ ಹಾಕಿ ಕಲಸಿ ಅಂಟಿಸಿದ್ದೆ. ಅದು ಮೇಲಿದ್ರೆ ಒಲೆ ಆರಿದೆ, ಪಕ್ಕಕ್ಕೆ ಬಂದ್ರೆ ದೊಡ್ಡ ಉರಿ, ಕೆಳಗೆ ಬಂದ್ರೆ ಸಣ್ಣ ಉರಿ."

"ಜಿಡ್ಡು ಅಂದ್ಕೊಂಡೆ ಅಮ್ಮಾ," ಎಂದೆ.

"ಕೊಳೆ ಗುರುತಿಟ್ಕೊಂಡು ಯಾರಾದ್ರೂ ಅಡುಗೆ ಮಾಡ್ತಾರಾ?" ಎಂದ ಅಣ್ಣ.

ಅಮ್ಮ ಲೈಟರನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಬಾಯ್ಮುಚ್ಚೋ! ಒಬ್ಬ ಒಲೆ ಹೊತ್ಕೊಂಡು ಹೋಗೋಕೆ ಬಂದ, ಇನ್ನೊಬ್ಬಳು ಕೆರೆದು ಹಾಕಿದಳು. ನನ್ನನ್ನ ಒಂದು ಮಾತು ಕೇಳಿದವರು ಯಾರು? ಹೊರಗೆ ನಡೀರಿ, ಇಬ್ಬರೂ!"

ನಮ್ಮ ಹಿಂದೆಯೇ ಚಿಲಕ ಬಿತ್ತು. ನಾವು ಬಾಗಿಲಿಗೆ ಮೂಗು ಹಚ್ಚಿ ನಿಂತೆವು. ಒಳಗೆ ಯಾವುದೋ ಡಬ್ಬಿಯ ಮುಚ್ಚಳ ತೆಗೆದ ಸದ್ದು. ಆಮೇಲೆ ನಾಬ್ ತಿರುಗಿದ ಸದ್ದು, ನಿಂತ ಸದ್ದು, ಮತ್ತೆ ತಿರುಗಿದ ಸದ್ದು. ಅಣ್ಣ ಬಾಗಿಲು ಬಡಿಯಲು ಕೈಯೆತ್ತಿದ. ನಾನು ಆ ಕೈ ಹಿಡಿದೆ.

"ಬಿಡೇ, ಏನಾದ್ರೂ ಆದ್ರೆ?"

"ಬಾಗಿಲು ಮುಟ್ಟು, ಆಮೇಲೆ ನೋಡು!" ಎಂದೆ. ಹಾಗೆಂದೆನೇ ಹೊರತು ನನ್ನ ಜೀವವೂ ಬಾಯಿಗೆ ಬಂದಿತ್ತು.

ಕೊನೆಗೆ ಚಿಲಕ ತೆರೆಯಿತು. ಅಮ್ಮ ಒಂದೇ ಒಂದು ಲೋಟ ಹಿಡಿದು ನಮ್ಮನ್ನು ದಾಟಿಹೋಗಿ, ತನ್ನ ಕುರ್ಚಿಯಲ್ಲಿ ಕೂತು ಟೀ ಹೀರಿದಳು.

"ನಮಗೆ?" ಎಂದ ಅಣ್ಣ.

"ಒಲೆ ಅಲ್ಲೇ ಇದೆ, ಅಲ್ಲೇ ಇರುತ್ತೆ. ಬೇಕಿದ್ರೆ ಮಾಡ್ಕೊಳ್ಳಿ. ನಿಮಗೆ ಕಣ್ಣು ಚೆನ್ನಾಗಿದೆಯಲ್ಲ."

ಅವನು ರೋಷದಿಂದಲೇ ಒಳಗೆ ಹೋದ. ಹಸಿ ಹಿಟ್ಟು ಅಂಟಿದ್ದ ನಾಬಿನ ಮುಂದೆ ಲೈಟರ್ ಹಿಡಿದು ನಿಂತ. ಸ್ವಲ್ಪ ಹೊತ್ತಾದ ಮೇಲೆ ತಗ್ಗಿದ ದನಿಯಲ್ಲಿ ನನ್ನನ್ನು ಕರೆದ.

"ಇದನ್ನ ಯಾವ ಕಡೆಗೆ ತಿರುಗಿಸ್ಬೇಕೇ?"

"ಅಮ್ಮನ್ನ ಕೇಳು," ಎಂದೆ.