ಕ್ಯಾಲೆಂಡರ್ ಹಾಳೆಯ ಮೇಲಿನ ಪಾದ

ಬಾತಕ್ಕನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆವತ್ತು ಮಾತ್ರ ಅದು ಕಾಲಿನ ಕಿರುಬೆರಳಿನಿಂದ ಹೊರಟು ನೆತ್ತಿಗೇರಿತ್ತು. ಅಗಲ ಪಾದ ನೋಡಿ ಅಣ್ಣಂದಿರು ಚಿಕ್ಕಂದಿನಲ್ಲಿ ಬಾತುಕೋಳಿ ಎಂದು ಕರೆದದ್ದು ಹೆಸರಾಗಿಯೇ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುವ ಕೆಲಸಕ್ಕೆ ಸೇರಿದ ಮೇಲೆ ಅದಕ್ಕೊಂದು ‘ಅಕ್ಕ’ ಸೇರಿತು, ಹದಿನೆಂಟು ವರ್ಷದಲ್ಲಿ ಸಿಕ್ಕ ಬಡ್ತಿ ಅದೊಂದೇ.

ಅಷ್ಟೂ ವರ್ಷ ಅವಳು ಚಪ್ಪಲಿಯಲ್ಲೇ ಕೆಲಸ ಮಾಡಿದ್ದಳು. ಮೂರು ತಿಂಗಳ ಹಿಂದೆ ಹೊಸ ಮೇಟ್ರನ್ ಬಂದರು. ಸ್ಟ್ರೆಚರ್ ತಳ್ಳುವವರೆಲ್ಲ ಸ್ಪೋರ್ಟ್ಸ್ ಶೂ ಹಾಕಲೇಬೇಕೆಂದು ಹುಕುಂ ಹೊರಡಿಸಿದರು. ಅಂದಿನಿಂದ ಮೂರು ಜೊತೆ ಶೂ ಕೊಂಡಿದ್ದಾಯಿತು, ಮೂರೂ ಒಂದೇ ಅಂಗಡಿಯಲ್ಲಿ. ಬಿಗಿ ಎಂದಾಗಲೆಲ್ಲ ಅಲ್ಲಿನ ಸೇಲ್ಸ್‌ಮನ್ ಹಲ್ಲು ಕಿರಿದು ಹೇಳಿದ್ದು ಒಂದೇ ಮಾತು: “ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ, ಮೇಡಂ.”

ಸಡಿಲವಾದದ್ದು ಕಿರುಬೆರಳಿನ ಉಗುರು. ನಿನ್ನೆ ನೋವು ತಾಳಲಾರದೆ ಶೂ ಕಳಚಿ, ಬರಿಗಾಲಲ್ಲಿ ರೋಗಿಯೊಬ್ಬನನ್ನು ಎಕ್ಸ್‌-ರೇ ಕೋಣೆಗೆ ತಳ್ಳಿಕೊಂಡು ಹೋಗುವಾಗಲೇ ಮೇಟ್ರನ್ ಎದುರಾಗಬೇಕೆ! “ನಾಳೆ ಎರಡು ಗಂಟೆ ಪಾಳಿಗೆ ಶೂ ಇಲ್ದೆ ಬರೋದಾದ್ರೆ, ಬರೋದೇ ಬೇಡ” ಎಂದುಬಿಟ್ಟರು.

ಈಗ ಒಂದು ಗಂಟೆ. ಬಾತಕ್ಕ ಅದೇ ಅಂಗಡಿಯ ನೆಲದ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ಹಾಸಿದಳು. ಬೆಳಿಗ್ಗೆ ಮಗಳು ಅವಳನ್ನು ಅದರ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದಳು. “ಜಗಳ ಆಡ್ಬೇಡಮ್ಮ, ಇದನ್ನ ತೋರ್ಸು ಸಾಕು” ಎಂದೂ ಹೇಳಿದ್ದಳು.

ಬಾತಕ್ಕ ಕಪಾಟಿನಿಂದ ಒಂದು ಶೂ ತೆಗೆದು ಗೆರೆಯ ಮೇಲಿಟ್ಟಳು. ಎರಡೂ ಬದಿಯಲ್ಲಿ ಗೆರೆ ಹೊರಗೆ ಉಳಿಯಿತು. ಇನ್ನೊಂದಿಟ್ಟಳು, ಅದೂ ಹಾಗೇ. ದೊಡ್ಡ ಸೈಜಿನದು ಮುಂದಕ್ಕೆ ನಾಲ್ಕು ಬೆರಳು ಚಾಚಿತೇ ಹೊರತು ಅಗಲಕ್ಕೆ ಸಾಲಲಿಲ್ಲ. ಹನ್ನೊಂದು ಶೂ ಇಟ್ಟು ನೋಡಿದಳು, ಕಪಾಟಿನಲ್ಲಿ ಬೇರೆ ಮಾದರಿ ಉಳಿಯಲಿಲ್ಲ.

“ನಿಮ್ಮ ಪಾದಾನೇ ಸ್ವಲ್ಪ ಹೆಚ್ಚುಕಮ್ಮಿ, ಮೇಡಂ. ಕಂಪನಿಯವ್ರು ಏನ್ ಮಾಡ್ತಾರೆ?” ಎಂದ ಸೇಲ್ಸ್‌ಮನ್.

“ಹದಿನೆಂಟು ವರ್ಷ ಜನಾನ ಆಪರೇಷನ್‌ಗೆ ತಳ್ಕೊಂಡ್ ಹೋಗಿದ್ದು ಇದೇ ಪಾದ ಕಣ್ರೀ! ಆಗೆಲ್ಲ ಸರಿ ಇತ್ತು, ನಿಮ್ಮ ಅಂಗಡಿ ಮೆಟ್ಲು ಹತ್ತಿದ್ ಮೇಲೆ ಕೆಟ್ಟೋಯ್ತಾ?”

ಬೈದಳು ನಿಜ, ಆದರೆ ಒಳಗೊಳಗೆ ನಾಚಿಕೆಯೇ ಆಯಿತು. ಪ್ರಾಯಕ್ಕೆ ಬಂದಾಗಿನಿಂದ ಅಂಗಡಿಯವರ ಮುಂದೆಲ್ಲ ಪಾದವನ್ನು ಸೀರೆಯೊಳಗೆ ಎಳೆದುಕೊಂಡವಳು ಅವಳು, ಏನೋ ಕದ್ದವಳ ಹಾಗೆ. ಕೆಲಸ ಹೋದಂತೆಯೇ ಎಂದುಕೊಂಡು ಹಾಳೆಯ ಪಕ್ಕದಲ್ಲೇ ಕುಸಿದು ಕೂತಳು. ಕಣ್ಣ ಮುಂದೆ ಸೇಲ್ಸ್‌ಮನ್ನನ ಕಾಲು ಬಂತು.

ಗಿಡ್ಡ ಆಸಾಮಿ, ಪಾದವೂ ಗಿಡ್ಡ, ಅಗಲ. ಬೆಳಿಗ್ಗೆಯಿಂದ ನಿಂತೇ ಇದ್ದರೂ ಶೂವಿನ ಬಟ್ಟೆಯಡಿ ಬೆರಳುಗಳು ಆರಾಮಾಗಿ ಆಡುತ್ತಿರುವುದು ಕಾಣುತ್ತಿತ್ತು. ಅಂಗಡಿಯಲ್ಲಿ ಅವಳು ಅಳೆಯದೆ ಬಿಟ್ಟ ಶೂ ಅದೊಂದೇ.

“ಬಿಚ್ಚಿ” ಎಂದಳು.

“ಏನು?”

“ಶೂ ಬಿಚ್ಚಿ!”

ಆ ದನಿಗೆ ಅವನು ಬಗ್ಗಿ ಎರಡೂ ಬಿಚ್ಚಿದ. ಬಾತಕ್ಕ ಒಂದನ್ನು ಹಾಳೆಯ ಮೇಲಿಟ್ಟಳು. ಗೆರೆ ಎಲ್ಲೂ ಕಾಣಲಿಲ್ಲ.

ಅವನ ಮುಖ ಹುಳ್ಳಗಾಯಿತು. “ಅದು... ಅಗಲದ ಮಾಲು, ಮೇಡಂ. ಗೋಡೌನ್‌ನಲ್ಲಿದೆ. ಹಳೇದು ಖಾಲಿಯಾಗೋವರ್ಗೂ ತೆಗೀಬೇಡ ಅಂದಿದಾರೆ ಯಜಮಾನ್ರು.”

“ಯಾವಾಗ ಬಂದಿದ್ದು?”

“ಹೋದ ವರ್ಷ.”

ಬಾತಕ್ಕನ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ! ಇವಳ ಉಗುರು ಕಿತ್ತುಬರುವಾಗಲೂ ಇವನ ಬೆರಳು ಆಟವಾಡುತ್ತಿತ್ತು.

“ಈಗ್ಲೇ ತನ್ನಿ.”

“ಬೀಗದ ಕೈ ಯಜಮಾನ್ರ ಹತ್ರ. ನಾಳೆ ಬೆಳಿಗ್ಗೆ...”

ಗೋಡೆಯ ಗಡಿಯಾರದಲ್ಲಿ ಒಂದೂವರೆ. ಬಾತಕ್ಕ ಅವನ ಎರಡೂ ಶೂ ಎಳೆದುಕೊಂಡು ಹಾಕಿ ದಾರ ಬಿಗಿದಳು. ಹತ್ತು ಬೆರಳೂ ತಂತಮ್ಮ ಜಾಗದಲ್ಲಿ ಹಾಯಾಗಿ ಕೂತವು. ಆ ಸುಖಕ್ಕೇ ಅವಳ ಕಣ್ಣಲ್ಲಿ ನೀರು ಬಂತು, ಸಿಟ್ಟು ಇನ್ನಷ್ಟು ಏರಿತು. ಚೀಲದಿಂದ ತನ್ನ ಮೂರನೆಯ ಜೊತೆಯನ್ನು ತೆಗೆದು ಅವನ ಮುಂದೆ ಕುಕ್ಕಿದಳು.

“ನಾಳೆ ನಂಗೆ ಅಗಲದ್ದು ಒಂದ್ ಜೊತೆ ತಂದಿಡಿ, ನಿಮ್ದು ವಾಪಸ್ ಕೊಡ್ತೀನಿ. ಅಲ್ಲೀವರ್ಗೂ ಇದನ್ನ ಹಾಕ್ಕೊಳ್ಳಿ.”

“ಅಯ್ಯೋ ಮೇಡಂ, ಅಂಗಡಿ ಮುಚ್ಚೋವರ್ಗೂ ನಿಂತಿರ್ಬೇಕು ನಾನು! ಇದು ತುಂಬಾ ಬಿಗಿ!”

ಬಾತಕ್ಕ ಆಗಲೇ ಬಾಗಿಲು ದಾಟಿದ್ದಳು. ತಿರುಗಿ ನೋಡಲೂ ಇಲ್ಲ.

“ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ!”