ಮೂವತ್ತಾರು ಪೂನಮ್

ಅಂಟೇ ಇಲ್ಲವಲ್ಲ ಈ ಕಂಪ್ಯೂಟರಿನ ಮೌಸಿಗೆ, ಕೈ ಸರಾಗ ಜಾರುತ್ತದೆ, ಬೆಳಿಗ್ಗೆ ಬೈಲಹೊಂಗಲದ ಆಫೀಸಿನಲ್ಲಿ ಮುಟ್ಟಿದ ಮೌಸಿಗೆ ಗುಟಕಾ ತಿಂದ ಬೆರಳು, ಮಿರ್ಚಿ ಭಜಿಯ ಎಣ್ಣೆ, ಬೆವರು ಎಲ್ಲ ಸೇರಿ ಕರಿಯ ಪದರು ಕಟ್ಟಿತ್ತು, ಸವದತ್ತಿಯ ಕೀಬೋರ್ಡನ್ನು ಬೋರಲು ಹಾಕಿ ಕೊಡವಿದರೆ ಚುರಮುರಿ ಉದುರುತ್ತದೆ, ಕಿತ್ತೂರಿನ ಒಂದು ಡಬ್ಬಿಯೊಳಗೆ ಹಲ್ಲಿ ಸತ್ತು ಒಣಗಿ ಹಾಳೆಯಂತಾಗಿತ್ತು, ಥೂ, ಅದನ್ನು ಕಡ್ಡಿಯಿಂದ ಎಬ್ಬಿಸಿ ತೆಗೆದವನೂ ನಾನೇ, ಆದರೂ ಆವತ್ತು ಹೊಟ್ಟೆ ತುಂಬ ಊಟ ಮಾಡಿದ್ದೆ — ಇವತ್ತು ರಾಮದುರ್ಗದ ಈ ಒರೆಸಿಟ್ಟ ಮೇಜಿನ ಮುಂದೆ ಕೂತು ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಲೂ ಮನಸ್ಸಾಗುತ್ತಿಲ್ಲ. ಬರ್ರಿ ಸರ್, ಕುಂದರ್ರಿ, ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ, ಎಂದು ಪೂನಮ್ ಕುರ್ಚಿಯನ್ನು ವೇಲಿನ ತುದಿಯಿಂದ ಒರೆಸಿದಳು, ಬೇಡ ಅನ್ನಬೇಕಿತ್ತು, ಅನ್ನಲಿಲ್ಲ, ಒರೆಸಿಸಿಕೊಂಡೇ ಕೂತೆ, ಎಂಟು ವರ್ಷದಿಂದ ಈ ಬೀಜ-ಗೊಬ್ಬರದ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಶ್ರೀಶೈಲ ಸರ್ ಅಂದರೆ ಅವಳಿಗೆ ಇನ್ನೂ ದೊಡ್ಡ ಮನುಷ್ಯ. ನೀವಽ ಬಂದೀರಂದ್ರ ಇನ್ನೇನ್ ಚಿಂತಿಲ್ಲ ಬಿಡ್ರಿ, ಪುಣೆದವ್ರು ಫೋನಿನ್ಯಾಗ ಏನೇನೋ ಕೇಳಿದ್ರು, ನಂಗೊಂದೂ ತಿಳೀಲಿಲ್ಲ. ತಿಳಿಯುವುದಾದರೂ ಹೇಗೆ, ಮಾಡಿದವನು ನಾನು. ಅವಳ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಚಾಲೂ ಇರುವಂತೆಯೇ ಮೇಜಿನ ಮೇಲೆ ಮಲಗಿಸಿದ್ದೇನೆ, ಒಳಗಿನ ಡಿಸ್ಕಿನ ನಂಬರಿನ ಫೋಟೋ ಬೇಕಂತೆ ಪುಣೆಯ ಹೆಡ್ ಆಫೀಸಿಗೆ, ನಂಬರು ಕಾಣುವುದಿಲ್ಲ, ನಂಬರಿನ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ದಸರೆಯ ಖಂಡೆ ಪೂಜೆಯ ದಿನ ಎಲ್ಲರೂ ಪರದೆಯ ಮೇಲೆ ಹಚ್ಚುತ್ತಾರೆ, ಡಬ್ಬಿಯ ಮೇಲೆ ಹಚ್ಚುತ್ತಾರೆ, ಇವಳೊಬ್ಬಳು ಸ್ಕ್ರೂ ಬಿಚ್ಚಿ, ಕುಂಚದಿಂದ ದೂಳು ತೆಗೆದು, ಒಳಗೆ ಹಚ್ಚುತ್ತಾಳೆ, ಒಳಗ ಕಸಾ ಇಟ್ಕೊಂಡು ಹೊರಗಷ್ಟ ವಿಭೂತಿ ಬಡಕೊಂಡ್ರ ಏನ್ ಬಂತ್ರಿ ಸರ್, ಅಂದಿದ್ದಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ, ನಾನು ನಕ್ಕಿದ್ದೆ.

ಶೇಕಡಾ ಹನ್ನೊಂದು. ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಹಸಿರು ಪಟ್ಟಿ ತೆವಳುತ್ತಿದೆ, ಪುಣೆಯವರು ಕಳಿಸಿದ ಪ್ರೋಗ್ರಾಮು, ಫೋಟೋದ ಜೊತೆ ಇನ್ನೊಮ್ಮೆ ಲೆಕ್ಕವೂ ಬೇಕಂತೆ, ಸುರು ಮಾಡಿ ಬಿಟ್ಟರಾಯಿತು, ತಾನೇ ವೈರಿನಗುಂಟ ನಾಲ್ಕೂ ಊರು ತಿರುಗಿ, ಸಿಕ್ಕ ಸಿಕ್ಕ ಕಂಪ್ಯೂಟರಿನ ಬಾಗಿಲು ಬಡಿದು, ನೀನು ಯಾರು, ನಿನ್ನೊಳಗೆ ಯಾವ್ಯಾವ ಸಾಫ್ಟ್‌ವೇರ್ ಇದೆ, ಯಾರ ಹೆಸರಿನಲ್ಲಿ ಹಾಕಿದ್ದು, ಎಲ್ಲ ಕೇಳಿ ಬರೆದುಕೊಳ್ಳುತ್ತದೆ, ಜನಗಣತಿಗೆ ಬಂದ ಮಾಸ್ತರರಂತೆ, ಆದರೆ ಮಾಸ್ತರರು ಚಹಾ ಕುಡಿದು ಹೇಳಿದ ಸುಳ್ಳನ್ನೂ ಬರೆದುಕೊಂಡು ಹೋಗುತ್ತಾರೆ, ಇದಕ್ಕೆ ಚಹಾ ಬೇಕಾಗಿಲ್ಲ. ಊರಿಗೆ ಬಂದಾಕಿ ನೀರಿಗೆ ಬರಾಂಗಿಲ್ಲೇನೋ ಶ್ರೀಶೈಲ, ಅಂದಿದ್ದರು ಬೈಲಹೊಂಗಲದ ನಮ್ಮ ಮ್ಯಾನೇಜರ್ ಅಂದಾನೆಪ್ಪ ಸಾಹೇಬರು, ಅಡಿಕೆ ಹೋಳನ್ನು ದವಡೆಗೆ ತಳ್ಳುತ್ತ, ಯಾವ ಮಷೀನಾದ್ರೂ ಒಂದಿಲ್ಲೊಂದ ದಿನ ವೈರಿಗೆ ಬರಽಬೇಕು, ಬಂದ್ರ ಸಿಕ್ಕಽ ಸಿಗತೈತಿ. ಸಿಕ್ಕಿತು. ಹೋದ ವಾರ ಸಾಹೇಬರ ಕಂಪ್ಯೂಟರಿನಿಂದ ಮೊದಲ ಸಲ ತಿರುಗಿ ತಂದ ಪಟ್ಟಿಯಲ್ಲಿ ಬೈಲಹೊಂಗಲ ಹದಿನಾಲ್ಕು, ಕಿತ್ತೂರು ಒಂಬತ್ತು, ಸವದತ್ತಿ ಏಳು, ರಾಮದುರ್ಗ ಆರು, ಮೂವತ್ತಾರರಲ್ಲೂ ಲೈಸನ್ಸ್ ಇಲ್ಲದ ಅದೇ ಕಳವಿನ ಸಾಫ್ಟ್‌ವೇರ್, ಮೂವತ್ತಾರರಲ್ಲೂ ಹಾಕಿದವರ ಹೆಸರು ಪೂನಮ್, ಪೂನಮ್, ಪೂನಮ್, ಕೆಳಗೆ ಎಳೆದಷ್ಟೂ ಪೂನಮ್. ಯಾರು ಈ ಹುಡುಗಿ, ನಾಲ್ಕು ಊರಿಗೆ ಕಳವಿನ ಮಾಲು ಹಂಚಿದವಳು, ಎಂದು ಪುಣೆಯ ಸಾಹೇಬ ಹಿಂದಿಯಲ್ಲಿ ಕೇಳಿದ, ನಾನು ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿ, ವಿಚಾರಿಸುತ್ತೇನೆ ಸರ್, ಅಂದೆ. ವಿಚಾರಿಸುತ್ತೇನಂತೆ, ನಾಲಿಗೆ ಎಷ್ಟು ಮೆತ್ತಗೆ ಹೊರಳಿತು, ನೆನೆದರೆ ಈಗಲೂ ಎದ್ದು ಹೋಗಿ ಬಾಯಿ ಮುಕ್ಕಳಿಸಬೇಕು ಅನಿಸುತ್ತದೆ.

ಇದೇ ಮೇಜು, ಆರು ವರ್ಷದ ಹಿಂದೆ, ಕಂಪನಿಗೆ ಹೊಸ ಕಂಪ್ಯೂಟರುಗಳು ಬಂದಿದ್ದವು, ಒಂದನ್ನು ತಯಾರು ಮಾಡಿ ಉಳಿದವಕ್ಕೆಲ್ಲ ಅದನ್ನೇ ಇದ್ದದ್ದು ಇದ್ದಂತೆಯೇ ನಕಲು ಹೊಡೆಯೋಣ ಅಂದವನು ನಾನು, ಯಾವುದರಿಂದ ಸುರು ಮಾಡಲಿ ಅಂದರೆ, ರಾಮದುರ್ಗದಿಂದ ಮಾಡೋ, ಆ ಹುಡಗಿ ಕೈಗುಣ ಛಲೋ ಐತಿ, ಎಲ್ಲಾ ಕಡೆ ಹಳೇ ಮಷೀನು ಸುಟ್ಟ ಹ್ವಾದ್ರೂ ಆಕಿದು ಒಂದ ದಿನ ಕೆಟ್ಟಿಲ್ಲ, ಹೆಪ್ಪು ಛಲೋ ಮನ್ಯಾಂದ ತರಬೇಕು, ಅಂದರು ಅಂದಾನೆಪ್ಪ ಸಾಹೇಬರು, ಡಿಪ್ಲೊಮಾ ಓದಿದ ನಾನು ಹೌದಲ್ರಿ ಅಂತ ತಲೆ ಅಲ್ಲಾಡಿಸಿ ಬಸ್ಸು ಹತ್ತಿ ಹೆಪ್ಪು ತರಲು ಇಲ್ಲಿಗೆ ಬಂದೆ. ಲೈಸನ್ಸಿಗೆ ಪುಣೆಗೆ ಬರೆದರೆ ಮೂರು ತಿಂಗಳು, ಯಾರು ಕಾಯುತ್ತಾರೆ, ಬೆಳಗಾವಿಯ ಅಂಗಡಿಯೊಂದರಿಂದ ತಂದ ಸಿಡಿ ಚೀಲದಲ್ಲಿತ್ತು, ಹಾಕುವಾಗ ಅದು ಹೆಸರು ಕೇಳಿತು, ಹಿಂದೆ ನಿಂತಿದ್ದ ಪೂನಮ್, ನಿಮ್ಮ ಹೆಸರಽ ಹಾಕ್ರಿ ಸರ್, ಅಂದಳು, ನಾನು ಠೀವಿಯಿಂದ, ನಿಂದಽ ಮಷೀನು, ನಿಂದಽ ಹೆಸರು, ಎಂದು ಒಂದೊಂದೇ ಅಕ್ಷರ ಒತ್ತಿದೆ, ಪರದೆಯ ಮೇಲೆ ತನ್ನ ಹೆಸರು ಕಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಎಷ್ಟು ಚಂದ ನಕ್ಕಳು. ಮೂರು ದಿನದಲ್ಲಿ ಮೂವತ್ತಾರು ಮುಗಿಸಿದೆ, ಒಂದೊಂದರಲ್ಲೂ ಹೆಸರು ಬದಲಿಸಬೇಕಿತ್ತು, ಐದೈದು ನಿಮಿಷದ ಕೆಲಸ, ಮಾಡಲಿಲ್ಲ, ಮಾಡದಿದ್ದಕ್ಕೇ ಬೇಗ ಮುಗಿಯಿತು, ಬೇಗ ಮುಗಿಸಿದ್ದಕ್ಕೆ ಶಾಲು ಹೊದಿಸಿದರು, ನಾನು ತಲೆ ಬಗ್ಗಿಸಿ ಹೊದ್ದುಕೊಂಡೆ. ಸಣ್ಣವನಿದ್ದಾಗ ಅವ್ವ ಬಟ್ಟಲು ಕೊಟ್ಟು ಓಣಿಯ ಗುರವ್ವನ ಮನೆಗೆ ಕಳಿಸುತ್ತಿದ್ದಳು, ಆಕಿ ಹೆಪ್ಪು ಇಸ್ಕೊಂಡ್ ಬಾ, ಆಕಿ ಕೈ ಛಲೋ ಐತಿ, ಒಂದೊಂದು ದಿನ ಮೊಸರು ನಾರಿದರೆ ಅವ್ವ ಗುರವ್ವನ ಬಾಗಿಲಿಗೆ ಜಗಳಕ್ಕೆ ಹೋಗುತ್ತಿರಲಿಲ್ಲ, ನಮ್ಮ ಗಡಗಿನಽ ಹೊಲಸಿತ್ತು ಅಂತ ಬೂದಿ ಹಾಕಿ ತಿಕ್ಕುತ್ತಿದ್ದಳು, ಬೂದಿ, ಇಲ್ಲಿ ಡಿಸ್ಕಿನ ಮೇಲೆ ಮೂರು ಗೆರೆ, ನಡುವೆ ಬೊಟ್ಟು.

ಶೇಕಡಾ ನಲವತ್ತು. ನಾಲ್ಕು ಗಂಟೆಯೊಳಗೆ, ಎಲ್ಲವೂ ತನ್ನ ಹೆಸರಿನಲ್ಲಿದೆ ಎಂದು ಅವಳು ಒಪ್ಪಿದ ಪತ್ರ ಪುಣೆ ಮುಟ್ಟಬೇಕು, ಮುಟ್ಟದಿದ್ದರೆ ಅವರೇ ಬಂದು ಒಂದೊಂದು ಡಬ್ಬಿ ಬಿಚ್ಚಿ ನೋಡುತ್ತಾರೆ, ನೋಡಿದರೆ ನಕಲು ಹೊಡೆದವನು ನಾನೆಂದು ತಿಳಿದು ನನ್ನ ಕೆಲಸ ಹೋಗುತ್ತದೆ, ಸಾಹೇಬರದ್ದೂ ಹೋಗಬಹುದು, ಅದಕ್ಕೇ ನಿನ್ನೆ ಸಾಹೇಬರು ಬಾಗಿಲು ಮುಚ್ಚಿ ಹೇಳಿದರು, ಆಕಿ ಗುತ್ತಿಗಿ ಮ್ಯಾಲೆ ಇದ್ದಾಕಿ, ಇವತ್ತಿಲ್ಲ ನಾಳಿ ಲಗ್ನಾಗಿ ಹೋಗಾಕಿ, ನಿನಗ ಹೆಂಡ್ರು ಮಕ್ಕಳದಾರೋ ತಮ್ಮಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಇಷ್ಟು ಪ್ರೀತಿಯ ದನಿಯಲ್ಲಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ, ತುಟಿಯ ಮೂಲೆಯಲ್ಲಿ ಎಲೆಯಡಿಕೆಯ ಕೆಂಪು ನೊರೆ, ಅದನ್ನು ನೋಡಿ ಹೇಸಿಗೆ ಬಂತು, ಹೂಂ ಅಂದೆ, ನನ್ನ ಬಾಯಲ್ಲಿ ನೊರೆ ಇರಲಿಲ್ಲ ಅಷ್ಟೇ. ಏಳು ವರ್ಷದಿಂದ ಗುತ್ತಿಗೆ, ಬರುವ ತಿಂಗಳು ಕಾಯಂ ಆಗಬೇಕು ಇವಳು, ಆ ಪತ್ರ ಪುಣೆ ಮುಟ್ಟಿದರೆ ಕಾಯಂ ಇರಲಿ, ನಾಳೆ ಬೆಳಿಗ್ಗೆ ಸಿರಸಂಗಿಯಿಂದ ಬಸ್ಸು ಹತ್ತುವ ಕೆಲಸವೂ ಇರುವುದಿಲ್ಲ, ಗೊತ್ತಿಲ್ಲ ಅವಳಿಗೆ, ಕಾಯಂ ಆದ್ರ ನಮ್ಮೂರ ಕಾಳವ್ವಗ ಉಡಿ ತುಂಬತೇನಂತ ಬೇಡ್ಕೊಂಡೇನ್ರಿ ಸರ್, ನಿಮಗೂ ಪ್ರಸಾದ ತರತೇನ್ರಿ, ಅಂದಳು ಈಗ ತಾನೆ, ಹಾಗೆ ಅನ್ನುತ್ತಲೇ ನಾನು ಚೀಲದಿಂದ ಕಾಗದ ತೆಗೆದೆ, ನಾನೇ ಟೈಪು ಮಾಡಿದ ಇಂಗ್ಲಿಷ್ ಕಾಗದ. ಏನೈತ್ರಿ ಇದರಾಗ. ಫಾರ್ಮಾಲಿಟಿ, ಅಂದೆ, ಸಾಫ್ಟ್‌ವೇರ್ ನಿನ್ನ ಹೆಸರಿನ್ಯಾಗ ಐತಿ ಅಂತ, ಅಷ್ಟ. ಹೌದಲ್ರಿ, ನನ್ನ ಹೆಸರಿನ್ಯಾಗಽ ಐತಿ, ಆವತ್ತ ನೀವಽ ಹಾಕಿಕೊಟ್ರಲ್ರಿ, ಎಂದು ನಕ್ಕಳು, ಅದೇ ನಗು — ಕಾಗದದಲ್ಲಿ ಒಂದು ಮಾತೂ ಸುಳ್ಳಲ್ಲ, ಎಲ್ಲ ಯಂತ್ರವೇ ಕಂಡುಹಿಡಿದದ್ದು, ಎಂದು ಬಸ್ಸಿನಲ್ಲಿ ಮುರಗೋಡ ದಾಟುವ ತನಕ ನನಗೆ ನಾನೇ ಹೇಳಿಕೊಂಡು ಬಂದಿದ್ದೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾನೇ ಎಷ್ಟು ಸಲ ನಕ್ಕು ಹೇಳಿಲ್ಲ, ಎಲ್ಲಿ ಮಾಡ್ಲಿ ಹೇಳ್ರಿ ಸಹಿ, ಅಂದಳು, ನಾನು ಬೆರಳಿಟ್ಟು ತೋರಿಸಿದೆ, ನನ್ನ ಉಗುರಿನ ಸಂದಿಯಲ್ಲಿ ಕರಿ ಇತ್ತು, ಬೈಲಹೊಂಗಲದ ಮೌಸಿನದು. ಸಹಿ ಮಾಡಿ, ಮಸಿ ಹರಡಬಾರದೆಂದು ಎರಡು ಸಲ ಊದಿ ಕೊಟ್ಟಳು.

ಚಾ ತರತೇನ್ರಿ, ಸಕ್ರಿ ಕಡಿಮಿ ಅಲ್ರಿ ನಿಮಗ, ಇದನ್ನೂ ನೆನಪಿಟ್ಟಿದ್ದಾಳೆ, ಒಳಗೆ ಸ್ಟೋವಿನ ಸದ್ದು, ಶೇಕಡಾ ಎಂಬತ್ತು, ಅವಳು ಬರುವುದರೊಳಗೆ ಫೋಟೋ ತೆಗೆದುಬಿಡಬೇಕು, ಬಟ್ಟೆಯಿಂದ ಒರೆಸಬಹುದಿತ್ತು, ಬಟ್ಟೆ ಹುಡುಕುವಷ್ಟು ಧೈರ್ಯವಿಲ್ಲದೆ ಹೆಬ್ಬೆಟ್ಟಿನಿಂದಲೇ ಒಮ್ಮೆ ಎಳೆದೆ, ವಿಭೂತಿ ತಣ್ಣಗೆ ನುಣ್ಣಗೆ ಹತ್ತಿತು, ನಡುವಿನ ಗೆರೆ ಅಳಿಸಿತು, ಬೊಟ್ಟು ಹರಡಿತು, ನಂಬರು ಕಂಡಿತು. ಫೋಟೋ ದೊಡ್ಡದು ಮಾಡಿ ನೋಡಿದೆ, ನಂಬರು ಸ್ಪಷ್ಟ, ಅದರ ಪಕ್ಕದಲ್ಲಿ ಬೂದಿಯೊಳಗೆ ನನ್ನ ಹೆಬ್ಬೆಟ್ಟಿನ ಸುಳಿ ಇನ್ನೂ ಸ್ಪಷ್ಟ, ಇನ್ನೊಂದು ತೆಗೆದೆ, ಅದರಲ್ಲೂ ಬಂತು, ಥೂ ನಿನ್ನ. ನೂರಾಯಿತು, ಪಟ್ಟಿ ಇಳಿಯುತ್ತಿದೆ, ಬೈಲಹೊಂಗಲ ಹದಿನಾಲ್ಕು, ಕಿತ್ತೂರು ಒಂಬತ್ತು, ಸವದತ್ತಿ ಏಳು, ಪೂನಮ್ ಪೂನಮ್ ಪೂನಮ್, ರಾಮದುರ್ಗ — ಚಹಾದ ವಾಸನೆ ಬೆನ್ನ ಹಿಂದೆ, ಅವಳು ಬಗ್ಗಿ ಓದುತ್ತಿದ್ದಾಳೆ, ಸರ್, ಇದ ಏಳ ತೋರಸಾಕತ್ತೈತಲ್ರಿ, ನಮ್ಮಲ್ಲಿ ಇರೂವು ಆರಽ.

ಏಳು. ಏಳನೆಯದರಲ್ಲಿ ಅದೇ ಸಾಫ್ಟ್‌ವೇರ್, ಅದೇ ಹೆಸರು, ಮಾಡೆಲ್ ನಂಬರು ನನ್ನ ಕಣ್ಣೆದುರಿನ ಲ್ಯಾಪ್‌ಟಾಪಿನದು, ಆರು ವರ್ಷದ ಹಿಂದೆ ಪರೀಕ್ಷೆಗೆಂದು ನಕಲನ್ನು ಮೊಟ್ಟಮೊದಲು ಹೊಡೆದದ್ದು ನನ್ನ ಸ್ವಂತ ಲ್ಯಾಪ್‌ಟಾಪಿಗೆ, ಮರೆತೇ ಹೋಗಿತ್ತು, ಇದಕ್ಕೆ ಯಾವತ್ತೂ ಫೋನಿನ ನೆಟ್ಟು, ಆಫೀಸಿನ ವೈರು ಚುಚ್ಚಿದ್ದು ಇವತ್ತೇ, ಇಲ್ಲೇ, ನನ್ನ ಕೈಯಾರೆ, ಊರಿಗೆ ಬಂದಾಕಿ ನೀರಿಗೆ ಬರಾಂಗಿಲ್ಲೇನೋ ಶ್ರೀಶೈಲ. ಏನಾದರೂ ಹೇಳಬೇಕು, ಯಂತ್ರ ತಪ್ಪು ಓದಿದೆ ಅನ್ನಬೇಕು, ಅಂದುಕೊಳ್ಳುತ್ತ ವೈರು ಕಿತ್ತೆ, ಪರದೆಯ ಮೇಲೆ ಏಳು ಏಳಾಗಿಯೇ ಉಳಿಯಿತು. ಈ ಏಳನೇದು ನಿಮ್ಮದಲ್ರಿ ಸರ್, ಅಂದಳು, ದನಿಯಲ್ಲಿ ಸಿಟ್ಟಿಲ್ಲ, ಲೆಕ್ಕ ತಪ್ಪಿದ ಮಗು ಕೇಳಿದಂತೆ ಕೇಳುತ್ತಿದ್ದಾಳೆ, ನಿಮ್ಮ ಮನ್ಯಾಗಿಂದರಾಗ ನಾ ಯಾವಾಗ ಹಾಕೇನ್ರಿ? ಚಹಾದ ಕಪ್ಪು ಮೇಜಿಗೆ ತಾಗಿದ ಸದ್ದು, ಸಹಿಯ ಕಾಗದ ನನ್ನ ಎಡಗೈಯಲ್ಲಿದೆ, ಮಸಿ ಒಣಗಿದೆ, ಅವಳು ಕಾಗದ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಬಿಚ್ಚಿಟ್ಟ ಡಬ್ಬಿಯೊಳಗೆ ನೋಡಿದಳು, ಅಲ್ಲೇ ನೋಡುತ್ತಿದ್ದಾಳೆ, ಇದನ್ಯಾಕ್ರಿ ಒರಸಿದ್ರಿ, ಅನ್ನುತ್ತಿದ್ದಾಳೆ, ನಾನೂ ಅಲ್ಲೇ ನೋಡುತ್ತಿದ್ದೇನೆ, ನಾಲ್ಕಕ್ಕೆ ಹತ್ತು ನಿಮಿಷ, ಪುಣೆಯ ಫೋನು ಹೊಡೆದುಕೊಳ್ಳುತ್ತಿದೆ, ಹೊಡೆದುಕೊಳ್ಳುತ್ತಿದೆ, ಮೂರು ಗೆರೆ, ನಡುವಿನದರಲ್ಲಿ ನನ್ನ ಹೆಬ್ಬೆಟ್ಟು, ಮೂರು ಗೆರೆ, ನಡುವೆ ನನ್ನ ಹೆಬ್ಬೆಟ್ಟು, ನನ್ನ ಹೆಬ್ಬೆಟ್ಟು —