ಅಣವೀರಪ್ಪನ ಹೆಬ್ಬೆರಳು

ಆಷಾಢದ ಒಂದು ಬೆಳಿಗ್ಗೆ ನಾನು ಪೂಜೆಗೆ ಕುಳಿತಿದ್ದಾಗ ಗುರುಬಾಯಿ ವಡಾಲದ ನಮ್ಮ ಮನೆ ಬಾಗಿಲಿಗೆ ಬಂದಳು. "ಸಾಹೇಬ್ರ, ನಮ್ಮ ಮನಿಯವ್ರು ಪರೇಲ್ ದವಾಖಾನ್ಯಾಗ ತೀರಿಕೊಂಡ್ರುರೀ" ಎಂದಳು. ಕೈಯಲ್ಲಿದ್ದ ತುಳಸಿ ಕೈಯಲ್ಲೇ ಉಳಿಯಿತು.

ಅವಳ ಗಂಡ ಅಣವೀರಪ್ಪ ನಮ್ಮ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಹದಿನಾರು ವರ್ಷ ಗುಂಡಿ ತೋಡಿದವನು. ನಾನು ಅಲ್ಲಿ ಇಂಜಿನಿಯರ್.

೧೯೮೬ರ ಮೇ ತಿಂಗಳಲ್ಲಿ ಘಾಟ್ಕೋಪರದ ಒಂದು ಗುಡ್ಡದಿಂದ ಜೇಡಿಮಣ್ಣು ತಂದೆವು. ಗುಡ್ಡದ ಬುಡದಲ್ಲಿ ಮೂವತ್ತು ಮನೆಗಳ ಚಾಳು. ಅಲ್ಲಿ ಜನ ಇದ್ದರೆ ಅಪಾಯವಿಲ್ಲವೇ ಎಂದು ನಾವು ಹೇಳಬೇಕಿತ್ತು. ಯಂತ್ರದಲ್ಲಿಟ್ಟು ಒತ್ತಿದರೆ ಮಣ್ಣು ಕಲ್ಲಿನಂತೆ ತಡೆಯಿತು. ಗುಡ್ಡ ಭದ್ರ ಎಂದು ಬರೆದು ರುಜು ಹಾಕಿದೆ.

ಅಣವೀರಪ್ಪ ಉಳಿದ ಮಣ್ಣಿಗೆ ನೀರು ಚಿಮುಕಿಸಿ ನಾದತೊಡಗಿದ.

"ಏನಯ್ಯ, ರೊಟ್ಟಿ ತಟ್ಟುತ್ತೀಯ?"

"ತಟ್ಟಿದ್ರ ನೀವು ಮಡಿ ಅಂತೀರಿ, ತಿನ್ನಂಗಿಲ್ಲ. ಒತ್ತಿ ನೋಡ್ರಿ."

ಒತ್ತಿದೆ. ಹೆಬ್ಬೆರಳು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು.

"ಬ್ಯಾಸಗ್ಯಾಗ ತಂದೀವಲ್ರಿ, ಒಣಗಿ ಗಟ್ಟಿಯಾಗಿತ್ತು. ಮಳಿಗಾಲದಾಗ ಕೇಳ್ರಿ ಅದನ್ನ."

ನಾಚಿಕೆಯಾಯಿತು. ಬರೆದ ವರದಿಯನ್ನು ಹರಿದೆ. ಮಣ್ಣು ಸರಿದರೆ ತಿಳಿಯಲೆಂದು ಗುಡ್ಡಕ್ಕೆ ಅಡ್ಡಲಾಗಿ ಇಬ್ಬರೂ ಹನ್ನೆರಡು ಗೂಟ ನೆಟ್ಟು ನೆಟ್ಟಗೆ ಹುರಿ ಕಟ್ಟಿದೆವು. ಮಳೆ ಹಿಡಿದ ಎಂಟನೆಯ ಬೆಳಿಗ್ಗೆ ನಡುವಿನ ಗೂಟಗಳು ಒಂದು ಗೇಣು ಕೆಳಗೆ ಸರಿದಿದ್ದವು. ಮನೆಮನೆಯ ಬಾಗಿಲು ತಟ್ಟಿ ಎಲ್ಲರನ್ನೂ ದೂರದ ಶಾಲೆಯ ಕಟ್ಟಡಕ್ಕೆ ಕಳಿಸಿದೆವು. ಏಳಲೊಲ್ಲದ ಮುದುಕಿಯೊಬ್ಬಳನ್ನು ಅವನು ಬೆನ್ನ ಮೇಲೆ ಹೊತ್ತು ತಂದ.

ಮಧ್ಯಾಹ್ನ ಗುಡ್ಡ ನಡೆದು ಬಂತು. ದೊಡ್ಡ ಸದ್ದೇನೂ ಇರಲಿಲ್ಲ. ಮೇಲಿದ್ದ ಬೇವಿನ ಮರ ನಿಂತ ನಿಲುವಿನಲ್ಲೇ ಇಳಿದು ಬಂದು ಚಾಳಿನ ಜಾಗದಲ್ಲಿ ನಿಂತಿತು. ಅದರ ಕೊಂಬೆಯ ಗೂಡಿನಲ್ಲಿ ಕಾಗೆ ಕುಳಿತೇ ಇತ್ತು. ಮೂವತ್ತು ಮನೆಗಳು ಕಾಣಲಿಲ್ಲ. ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ಗರ್ಭಗುಡಿಯ ಮುಂದೆಯೂ ನಾನು ಹಾಗೆ ಕೈಮುಗಿದಿರಲಿಲ್ಲ. ಅಣವೀರಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದ.

ಆ ಹರಿದ ವರದಿಯ ಮಾತನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಇಂದು ನಾನೇ ಬರೆಯುತ್ತಿದ್ದೇನೆ.

ಗುರುಬಾಯಿ ಬಂದ ದಿನವೇ ಸಂಜೆ, ಅವರ ಪದ್ಧತಿಯಂತೆ ಅವನನ್ನು ಗುಂಡಿಯಲ್ಲಿ ಕುಳ್ಳಿರಿಸಿ ಮಣ್ಣು ಮಾಡುವವರಿದ್ದರು. ಮಳೆ ಹನಿಯುತ್ತಿತ್ತು. ಇಳಿಸುವ ಮುಂಚೆ ನಾನು ಬಗ್ಗಿ ಗುಂಡಿಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಗುರುಬಾಯಿಗೆ ತಲೆಯಾಡಿಸಿದೆ.

ಶಿವನೇ, ಅವನು ಕರೆಯುತ್ತಿದ್ದ ಹೆಸರಿನಿಂದಲೇ ನಿನ್ನನ್ನು ಕರೆಯುತ್ತಿದ್ದೇನೆ. ಮಣ್ಣನ್ನು ಅರಿತವನು ನಿನ್ನ ಮಣ್ಣಿಗೆ ಬಂದಿದ್ದಾನೆ. ಎಷ್ಟು ಮಳೆ ಬಂದರೂ ಅವನು ಕುಳಿತ ನೆಲ ಕದಲದಿರಲಿ. ಅವನನ್ನು ನಿನ್ನ ಪಾದದಲ್ಲಿ ಶಾಂತವಾಗಿ ಇರಿಸಿಕೋ.